ಹಣಜಿಯ ಸಾಮ್ಯ, ಗೋಧಿಯ ಬೇರು: ಮತ್ತಾಯ 13ರ ವ್ಯಾಖ್ಯಾನಗಳ ಒಂದು ವಿಮರ್ಶೆ

ಮತ್ತಾಯನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಯೇಸು ಸ್ವಾಮಿಯು ಜನರ ಗುಂಪುಗಳನ್ನು ಕಳುಹಿಸಿ ಮನೆಯೊಳಗೆ ಬಂದ ಮೇಲೆ, ಶಿಷ್ಯರು ಆತನ ಬಳಿಗೆ ಬಂದು ಹೊಲದ ಹಣಜಿಯ ಸಾಮ್ಯವನ್ನು ವಿವರಿಸಬೇಕೆಂದು ಕೇಳುತ್ತಾರೆ. ಕಥೆಯಲ್ಲಿ ಬಿತ್ತಿದವನಿದ್ದಾನೆ, ಒಳ್ಳೆಯ ಬೀಜವಿದೆ, ಆಳುಗಳಿದ್ದಾರೆ, ಕೊನೆಯಲ್ಲಿ ಕಣಜವೂ ಇದೆ. ಆದರೂ ಶಿಷ್ಯರ ಮನಸ್ಸಿನಲ್ಲಿ ಉಳಿದದ್ದು ಕಳೆಯ ಹೆಸರು. ಅಂದು ಅವರು ಇಟ್ಟ ಹೆಸರೇ ಸಭೆಯಲ್ಲಿ ನಿಂತಿತು. ಇಂದಿಗೂ ನಾವು ಇದನ್ನು ಹಣಜಿಯ ಸಾಮ್ಯವೆಂದೇ ಕರೆಯುತ್ತೇವೆ, ಪ್ರಸಂಗಪೀಠದಿಂದ ಹಣಜಿಯ ಕುರಿತೇ ಬೋಧಿಸುತ್ತೇವೆ. ಹಣಜಿಯೆಂದರೆ ಯಾರು? ಅದನ್ನು ಈಗ ಕೀಳಬೇಕೋ, ಆಮೇಲೆ ಕೀಳಬೇಕೋ? ಕೀಳುವ ಅಧಿಕಾರ ಯಾರದು? ವ್ಯಾಖ್ಯಾನದ ಚರಿತ್ರೆಯೆಲ್ಲ ಬಹುಮಟ್ಟಿಗೆ ಈ ಪ್ರಶ್ನೆಗಳ ಸುತ್ತಲೇ ತಿರುಗಿದೆ.

ಯಜಮಾನನ ಉತ್ತರದಲ್ಲಿರುವ ಕಾರಣವಾದರೋ ಒಂದೇ, ಅದೂ ಹಣಜಿಗೆ ಸಂಬಂಧಿಸಿದ್ದಲ್ಲ. ಆಳುಗಳು ಕಳೆಯನ್ನು ಕೀಳಲು ಹೋದರೆ ಅದರ ಸಂಗಡ ಗೋಧಿಯೂ ಬೇರುಸಹಿತ ಬಂದೀತೆಂಬುದೇ ಆತನ ಆತಂಕ. ಕಳೆಯ ಮೇಲೆ ಆತನಿಗೆ ದಯೆಯಿಲ್ಲ. ಸುಗ್ಗಿಯಲ್ಲಿ ಅದಕ್ಕೆ ಬೆಂಕಿಯೇ ಗತಿಯೆಂದು ಆತನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಕೆಡುಕನ್ನು ಲೋಕದಿಂದ ಇಲ್ಲವಾಗಿಸಬೇಕೆಂಬ ಬಯಕೆಯನ್ನು ಆತನು ಖಂಡಿಸುವುದೂ ಇಲ್ಲ. ಆ ಬಯಕೆ ಕಾರ್ಯರೂಪಕ್ಕೆ ಬಂದಾಗ ಅದರ ಬೆಲೆಯನ್ನು ಯಾರು ತೆರುತ್ತಾರೆಂದು ಮಾತ್ರ ನೋಡುತ್ತಾನೆ. ವಾಚ್ಯಭಾಗದ ಈ ಸರಳ ಅಂಶವನ್ನು ಸಭೆಯು ಹೇಗೆ ಕೈಬಿಟ್ಟಿತು, ಹಾಗೆ ಕೈಬಿಟ್ಟದ್ದರ ಪರಿಣಾಮವನ್ನು ದಾವಣಗೆರೆ ಮತ್ತು ಹರಿಹರದ ಸೀಮೆಯಲ್ಲಿ ಹೇಗೆ ಕಾಣಬಹುದು ಎಂಬುದೇ ಈ ಲೇಖನದ ವಿಷಯ.

ಮೊದಲು ಹೊಲದ ಮಾತು. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ನಮ್ಮ ರೈತರಿಗೆ ಈ ಯಜಮಾನನು ವಿಚಿತ್ರ ಮನುಷ್ಯನಾಗಿ ಕಂಡರೆ ಆಶ್ಚರ್ಯವಿಲ್ಲ. ನಾಟಿ ಮಾಡಿದ ಕೆಲವು ವಾರಗಳಲ್ಲಿ ಕಳೆ ತೆಗೆಯದೆ ಬಿಟ್ಟರೆ ಇಳುವರಿ ಬೀಳುತ್ತದೆಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ಭತ್ತದ ಸಸಿಯಂತೆಯೇ ಕಾಣುವ ಹುಲ್ಲನ್ನು ಬುಡ ನೋಡಿ ಗುರುತಿಸಿ, ಪಕ್ಕದ ಸಸಿ ಅಲುಗದಂತೆ ಕಿತ್ತು ತೆಗೆಯುವ ಹೆಂಗಸರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಅಂದರೆ ಆಳುಗಳ ಸೂಚನೆ ಲೋಕರೂಢಿಯ ಬೇಸಾಯವೇ ಆಗಿತ್ತು. ಆದರೆ ಸಾಮ್ಯದಲ್ಲಿನ ಕಳೆ ಸಾಧಾರಣ ಕಳೆಯಲ್ಲ. ಮೂಲ ಗ್ರೀಕಿನ ಜಿಜಾನಿಯ ಎಂಬ ಪದವನ್ನು ಪಂಡಿತರು ಸಾಮಾನ್ಯವಾಗಿ ಗುರುತಿಸುವ ಹುಲ್ಲು, ತೆನೆ ಬರುವವರೆಗೆ ಗೋಧಿಯಿಂದ ಬೇರೆಯೆಂದು ತೋರುವುದಿಲ್ಲ. ತೋರುವಷ್ಟರಲ್ಲಿ ಬೇರುಗಳು ಹೆಣೆದುಕೊಂಡಿರುತ್ತವೆ. ಆಳುಗಳಿಗೆ ಹಣಜಿ ಕಾಣಿಸಿದ್ದು ತೆನೆಬಿಟ್ಟಾಗ ಎಂದು 26ನೆಯ ವಚನ ತಿಳಿಸುತ್ತದೆ. ಕಣ್ಣಿಗೆ ಕಳೆ ಸ್ಪಷ್ಟವಾದ ಗಳಿಗೆಯೇ ಅದನ್ನು ಕೀಳಲು ಅತ್ಯಂತ ಅಪಾಯದ ಗಳಿಗೆಯೂ ಹೌದು. ಇದನ್ನು ನಮ್ಮ ವ್ಯಾಖ್ಯಾನಕಾರರು ಸಾಕಷ್ಟು ಗಮನಿಸಿಲ್ಲವೆಂದು ನನ್ನ ಎಣಿಕೆ.

ಗಮನಿಸದೆ ಹೋದುದರ ಫಲ ಬೇಗನೆ ಕಾಣಿಸಿಕೊಂಡಿತು. ಕ್ರಿಸೋಸ್ತೋಮನು ಮತ್ತಾಯನ ಮೇಲಿನ ತನ್ನ 46ನೆಯ ಪ್ರಸಂಗದಲ್ಲಿ, ಪಾಷಂಡಿಗಳನ್ನು ಕೊಲ್ಲಬಾರದೆಂಬುದಕ್ಕೆ ಈ ಸಾಮ್ಯವನ್ನು ಆಧಾರವಾಗಿ ತಂದನು. ಆದರೆ ಅವರ ಬಾಯಿ ಮುಚ್ಚಿಸುವುದಕ್ಕೂ ಅವರ ಕೂಟಗಳನ್ನು ಚದರಿಸುವುದಕ್ಕೂ ಅಡ್ಡಿಯಿಲ್ಲವೆಂದನು. ಅಗಸ್ಟೀನನು ದೊನಾತಿಸ್ತರ ವಿರುದ್ಧ ಬರೆಯುವಾಗ ಇನ್ನೊಂದು ಹೆಜ್ಜೆ ಮುಂದಕ್ಕೆ ಹೋದನು. ಹಣಜಿ ಯಾವುದೆಂದು ಎಲ್ಲರಿಗೂ ನಿಸ್ಸಂದೇಹವಾಗಿ ತಿಳಿದಿದ್ದು ಗೋಧಿಗೆ ಹಾನಿಯಾಗುವ ಭಯವಿಲ್ಲದಿದ್ದರೆ ಶಿಸ್ತುಕ್ರಮವು ನಿದ್ರಿಸಬೇಕಾಗಿಲ್ಲವೆಂಬುದು ಅವನ ವಾದ. ತರ್ಕ ನಿರ್ದೋಷವಾಗಿ ಕಾಣುತ್ತದೆ. ಆದರೆ ಗೋಧಿಗೆ ಹಾನಿಯಿಲ್ಲವೆಂದು ತೀರ್ಮಾನಿಸುವವರು ಯಾರು? ಕೀಳಲು ಕೈಯೆತ್ತಿ ನಿಂತ ಆಳೇ ತೀರ್ಮಾನಿಸುವುದಾದರೆ ಸಾಮ್ಯವನ್ನು ಹೇಳುವ ಅಗತ್ಯವೇ ಇರಲಿಲ್ಲ. ಯಜಮಾನನು ನಂಬದಿದ್ದದ್ದು ಆ ಆಳಿನ ಕಣ್ಣನ್ನೇ.

ಇದೇ ಅಗಸ್ಟೀನನ ಇನ್ನೊಂದು ಮಾತು ನಮ್ಮ ವಿಷಯಕ್ಕೆ ಇನ್ನೂ ಸಮೀಪವಾದದ್ದು. ಕ್ರಿ.ಶ. 386ರಲ್ಲಿ, ದೀಕ್ಷಾಸ್ನಾನ ಹೊಂದುವ ಮೊದಲು, ಕ್ರಮದ ಕುರಿತು ಬರೆದ ಸಂವಾದಗ್ರಂಥದಲ್ಲಿ ಅವನು ವೇಶ್ಯಾವೃತ್ತಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತಾನೆ. ಅದಕ್ಕಿಂತ ಹೇಯವಾದದ್ದು ಯಾವುದೆಂದು ಕೇಳಿ, ಆದರೆ ಮನುಷ್ಯರ ವ್ಯವಹಾರದಿಂದ ಅದನ್ನು ತೆಗೆದುಹಾಕಿದರೆ ಕಾಮವು ಎಲ್ಲವನ್ನೂ ಕದಡಿಬಿಡುವುದೆಂದು ವಾದಿಸುತ್ತಾನೆ. ಥಾಮಸ್ ಅಕ್ವಿನಾಸನು ಸಹಿಷ್ಣುತೆಯ ಮಿತಿಗಳನ್ನು ಚರ್ಚಿಸುವಾಗ ಈ ಮಾತನ್ನು ಪ್ರಮಾಣವಾಗಿ ಸ್ವೀಕರಿಸಿದನು. ಕೆಡುಕನ್ನು ಇಲ್ಲವಾಗಿಸುವ ಇಚ್ಛೆಗೆ ಅನಿರೀಕ್ಷಿತ ಪರಿಣಾಮಗಳುಂಟೆಂಬ ವಿವೇಕವನ್ನು ಇಲ್ಲಿ ಯಾರೂ ಮೆಚ್ಚಬಹುದು. ನಾನು ಮೆಚ್ಚಲಾರೆ. ಈ ವಿವೇಕದಲ್ಲಿ ಪಟ್ಟಣವೆಲ್ಲ ಗೋಧಿ, ಆ ಸ್ತ್ರೀಯೊಬ್ಬಳೇ ಹಣಜಿ. ಉಳಿದ ಕುಟುಂಬಗಳ ಗೌರವ ಉಳಿಯಲೆಂದು ಅವಳು ಹೇಯಳಾಗಿಯೇ ಉಳಿಯಬೇಕು. ಅವಳ ಬದುಕಿನೊಳಗೂ ಗೋಧಿಯಿರಬಹುದೆಂಬ ಯೋಚನೆ ಆ ಮಹಾಮೇಧಾವಿಗೆ ಅಲ್ಲಿ ಹೊಳೆಯಲಿಲ್ಲ. ಕೀಳಲು ಹೊರಟವರೂ ಹಾಗೆಯೇ ಇರಲೆಂದವರೂ ಲೆಕ್ಕದಿಂದ ಬಿಟ್ಟದ್ದು ಒಬ್ಬಳನ್ನೇ.

ಈ ಎರಡೂ ಓದುಗಳನ್ನು ಪರೀಕ್ಷಿಸಲು ನಾವು ದೂರ ಹೋಗಬೇಕಾಗಿಲ್ಲ. ಬ್ರಿಟಿಷರ ಕಾಲದಲ್ಲಿ ದಾವಣಗೆರೆ ಮತ್ತು ಹರಿಹರ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿದರೆ ರಾಣೆಬೆನ್ನೂರಿನ ಸೀಮೆ, ಅಂದರೆ ಮುಂಬಯಿ ಪ್ರಾಂತ. ದಾವಣಗೆರೆಯಿಂದ ಇನ್ನೊಂದು ದಿಕ್ಕಿಗೆ ನಡೆದರೆ ಹರಪನಹಳ್ಳಿ ತಾಲ್ಲೂಕು, ಉಚ್ಚಂಗಿದುರ್ಗ. ಅದು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವ ಪದ್ಧತಿಯನ್ನು ಈ ಮೂರು ಸರ್ಕಾರಗಳೂ ಮೂರು ಕಾಲದಲ್ಲಿ ಕಿತ್ತುಹಾಕಲು ಹೊರಟವು. ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಮುಂಬಯಿಯ ಕಾನೂನು 1934ರಲ್ಲಿ ಬಂದಿತು, ಮದರಾಸಿನದು 1947ರಲ್ಲಿ. ಒಂದೇ ದೇವಿಯ ಜಾತ್ರೆಗೆ ಹೋಗುತ್ತಿದ್ದ ಜನರ ನಡುವೆ ಇಂತಹ ಗಡಿಗಳಿದ್ದವು. ಒಂದು ಕಡೆ ಅಪರಾಧವಾದದ್ದು ಹೊಳೆಯಾಚೆ ಅಪರಾಧವಾಗಿರಲಿಲ್ಲ.

ಮೈಸೂರಿನ ಆಜ್ಞೆ ತಾಕಿದ್ದು ದೇವಾಲಯದಿಂದ ಸಂಬಳ, ಉಂಬಳಿ ಪಡೆದು ಹಾಡಿ ಕುಣಿಯುತ್ತಿದ್ದವರನ್ನು. ಮೈಸೂರಿನ ದೇವದಾಸಿಯರ ಕುರಿತು ಇತಿಹಾಸಕಾರ್ತಿ ಜಾನಕಿ ನಾಯರ್ 1994ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಮ್ಮ ವಿದ್ಯಾರ್ಥಿಗಳು ಅಗತ್ಯವಾಗಿ ಓದಬೇಕು. ನೀತಿಯ ಹೆಸರಿನಲ್ಲಿ ನಡೆದ ಸುಧಾರಣೆಯಲ್ಲಿ ಈ ಸ್ತ್ರೀಯರಿಗೆ ಇದ್ದ ಆಸ್ತಿಯ ಹಕ್ಕು, ದತ್ತು ತೆಗೆದುಕೊಳ್ಳುವ ಹಕ್ಕು, ಕಲೆಯ ಜೀವನೋಪಾಯ ಇವೆಲ್ಲ ಏನಾದವೆಂದು ಕೇಳದೆ ಈ ಚರಿತ್ರೆಯನ್ನು ಓದಲಾಗದು. ಹಳ್ಳಿಯ ಕಥೆ ಬೇರೆ. ಬಳ್ಳಾರಿ, ಚಿತ್ರದುರ್ಗ ಸೀಮೆಯಲ್ಲಿ ಗಂಡುಮಕ್ಕಳಿಲ್ಲದ ಮನೆಯವರು ಮಗಳನ್ನು ಬಸವಿ ಬಿಡುತ್ತಿದ್ದರು. ಬಸವಿಯಾದವಳು ಮದುವೆಯಾಗದೆ ತವರಿನಲ್ಲೇ ಉಳಿದು, ಮಗನಂತೆ ಆಸ್ತಿಗೆ ಬಾಧ್ಯಳಾಗಿ, ತಂದೆತಾಯಿಗಳ ಅಂತ್ಯಕ್ರಿಯೆಯನ್ನು ಮಾಡಿ, ವಂಶವನ್ನು ಮುಂದುವರಿಸಬೇಕಾಗಿತ್ತು. ಇನ್ನು ಕೆಲವು ಮನೆಗಳಲ್ಲಿ ವಾಸಿಯಾಗದ ಕಾಯಿಲೆ, ಮಗುವಿನ ತಲೆಯಲ್ಲಿ ಕಾಣಿಸಿದ ಜಡೆ, ಸಾಲುಸಾಲಾಗಿ ಬಂದ ಸಾವು ಇಂಥವುಗಳಿಂದ ಪಾರಾಗಲೆಂದು ಹರಕೆ ಹೊತ್ತು ಮಗಳಿಗೆ ಮುತ್ತು ಕಟ್ಟಿಸುತ್ತಿದ್ದರು. ಹಾಗೆ ಬಿಡಲ್ಪಟ್ಟವರು ಬಹುಪಾಲು ದಲಿತರ ಮನೆಯವರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹರಕೆಯೆಂಬುದೇ ಒಂದು ಕೆಡುಕು ತೊಲಗಲೆಂಬ ಪ್ರಾರ್ಥನೆ. ಮನೆಯಿಂದ ರೋಗ ಹೋಗಲಿ, ಬಂಜೆತನ ಹೋಗಲಿ, ವಂಶಕ್ಷಯದ ಭಯ ಹೋಗಲಿ ಎಂದು ತಾಯಿತಂದೆಗಳು ಬೇಡಿಕೊಂಡರು. ಹೋದದ್ದು ಮಗಳ ಬಾಳು. ನ್ಯಾಯಸ್ಥಾಪಕರು 11ನೆಯ ಅಧ್ಯಾಯದ ಯೆಫ್ತಾಹನನ್ನು ನೆನೆಯದೆ ಇದನ್ನು ಓದುವುದು ಕಷ್ಟ. ಅಮ್ಮೋನಿಯರ ಕಾಟ ತೊಲಗಲೆಂದು ಅವನೂ ಹರಕೆ ಹೊತ್ತವನೇ. ಗೆದ್ದು ಬಂದಾಗ ಬಾಗಿಲಿನಿಂದ ಹೊರಟು ಬಂದವಳು ದಮ್ಮಡಿ ಬಾರಿಸುತ್ತ ಕುಣಿಯುತ್ತಿದ್ದ ಒಬ್ಬಳೇ ಮಗಳು. ಅವನು ಬಟ್ಟೆ ಹರಿದುಕೊಂಡು, ಈ ಸಂಕಟಕ್ಕೆ ಅವಳೇ ಕಾರಣಳೆಂಬಂತೆ ಮಾತಾಡುತ್ತಾನೆ. ಹರಕೆಯನ್ನು ದೇವರು ಕೇಳಿದನೆಂದಾಗಲಿ ಮೆಚ್ಚಿದನೆಂದಾಗಲಿ ಗ್ರಂಥಕರ್ತನು ಒಂದು ಮಾತೂ ಬರೆಯುವುದಿಲ್ಲ. ಆ ಹುಡುಗಿಗೆ ಕಥೆಯಲ್ಲಿ ಹೆಸರೂ ಇಲ್ಲ. ಅವಳಿಗಾಗಿ ವರ್ಷಕ್ಕೆ ನಾಲ್ಕು ದಿನ ಗೋಳಾಡಿದವರು ಇಸ್ರಾಯೇಲಿನ ಹೆಣ್ಣುಮಕ್ಕಳು. ಗಂಡಸರು ಅಳುವ ಉಲ್ಲೇಖವಿಲ್ಲ.

ಕರ್ನಾಟಕ ದೇವದಾಸಿಯರ ಸಮರ್ಪಣಾ ನಿಷೇಧ ಕಾನೂನು 1982ರದು. ಅದರ ಉದ್ದೇಶವನ್ನು ಯಾವ ಕ್ರೈಸ್ತನೂ ಪ್ರಶ್ನಿಸಲಾರನು. ಸಮರ್ಪಣೆಗೊಂಡವಳು ಮದುವೆಯಾದರೆ ಆ ಮದುವೆ ಸಿಂಧುವೆಂದು ಅದು ಸಾರಿದ್ದು ದೊಡ್ಡ ಮಾತು. ಆದರೆ ಅದು ಮುಖ್ಯವಾಗಿ ಶಿಕ್ಷೆಯ ಭಾಷೆಯಲ್ಲಿ ಮಾತಾಡಿತು. ಶಿಕ್ಷೆಗೆ ಹಿಡಿದದ್ದು ಸಮರ್ಪಣೆಯ ವಿಧಿಯನ್ನು. ಹರಿಹರದ ಸ್ಥಳಪುರಾಣವನ್ನು ಬಲ್ಲವರಿಗೆ ಈ ರಚನೆ ಹೊಸದಲ್ಲ. ಗುಹಾಸುರನು ತನ್ನ ಲೋಕದಿಂದ ಸಾವನ್ನೇ ಹೊರಗಿಡಲು ಬಯಸಿ, ಹರಿಯಿಂದಲೂ ಹರನಿಂದಲೂ ಮರಣ ಬಾರದಂತೆ ಬ್ರಹ್ಮನಿಂದ ವರ ಪಡೆದನು. ಹೆಸರಿಟ್ಟು ಹೊರಗಿಟ್ಟದ್ದು ಎರಡನ್ನು. ಬಂದದ್ದು ಆ ಎರಡೂ ಒಂದಾದ ಹರಿಹರ ಮೂರ್ತಿ. 1224ರ ಸುಮಾರಿಗೆ ಹೊಯ್ಸಳ ದಂಡನಾಯಕ ಪೊಲಾಳ್ವನು ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಹಿಂದಿರುವ ಕಥೆಯಿದು. ಅನ್ಯಮತದ ಪುರಾಣವೆಂದು ಬದಿಗಿಡದೆ ಓದಿದರೆ, ಬೇಡದ್ದನ್ನು ಹೆಸರಿಸಿ ತಳ್ಳುವ ಎಲ್ಲ ಇಚ್ಛೆಗಳ ದೌರ್ಬಲ್ಯವನ್ನೂ ಅದು ಬಲ್ಲದೆಂದು ತಿಳಿಯುತ್ತದೆ. ಹೆಸರಿಲ್ಲದ ಸಂದಿಯೊಂದು ಉಳಿದೇ ಉಳಿಯುತ್ತದೆ. ಕಾನೂನು ವಿಧಿಯನ್ನು ಹೆಸರಿಸಿದಾಗ ವಿಧಿ ಜಾತ್ರೆಯ ಬೆಳಕಿನಿಂದ ರಾತ್ರಿಗೂ ಮನೆಯ ಒಳಕೋಣೆಗೂ ಸರಿಯಿತು. ಹಿಂದೆ ಊರಿಗೆಲ್ಲ ತಿಳಿದಿದ್ದ ಸಂಗತಿ ಗುಟ್ಟಾಯಿತು. ಗುಟ್ಟಾದ ಮೇಲೆ ಅವಳ ಪರವಾಗಿ ಸಾಕ್ಷಿ ಹೇಳುವವರೂ ಇಲ್ಲವಾದರು. ಕಾನೂನು ಬಂದು ಮೂರು ದಶಕ ಕಳೆದ ಮೇಲೆ, 2014ರ ಫೆಬ್ರವರಿಯಲ್ಲಿ, ಹುಣ್ಣಿಮೆಯ ರಾತ್ರಿ ದಾವಣಗೆರೆ ಜಿಲ್ಲೆಯ ದೇವಾಲಯವೊಂದರಲ್ಲಿ ಹೆಣ್ಣುಮಕ್ಕಳ ಸಮರ್ಪಣೆಯನ್ನು ತಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯವೇ ರಾಜ್ಯದ ಮುಖ್ಯ ಕಾರ್ಯದರ್ಶಿಯವರಿಗೆ ಆದೇಶ ಕೊಡಬೇಕಾಯಿತು.

ಇನ್ನೊಂದು ಪರಿಣಾಮ ಇದಕ್ಕಿಂತ ಸೂಕ್ಷ್ಮವಾದದ್ದು. ಸರ್ಕಾರ 1993-94ರಲ್ಲಿಯೂ 2007-08ರಲ್ಲಿಯೂ ನಡೆಸಿದ ಸಮೀಕ್ಷೆಗಳಲ್ಲಿ ಒಟ್ಟು 46,660 ಸ್ತ್ರೀಯರು ಪಟ್ಟಿಯಾದರು. ಮಾಸಾಶನ, ಮನೆ, ಸಾಲದ ನೆರವು ಈ ಪಟ್ಟಿಯನ್ನು ಆಧರಿಸಿ ನಡೆದವು. ನಿಷೇಧದ ನಂತರ ಮುತ್ತು ಕಟ್ಟಿಸಿಕೊಂಡವಳು ಹೆಸರು ಬರೆಸಲು ಬಂದರೆ ಅವಳ ಇರುವಿಕೆಯೇ ಅಪರಾಧವೊಂದರ ಸಾಕ್ಷಿ. ಹೆಸರು ಬರೆಸಿದರೆ ಹೆತ್ತವರಿಗೆ ಶಿಕ್ಷೆ. ಬರೆಸದಿದ್ದರೆ ಅವಳಿಗೆ ಹಸಿವು. ಇಲ್ಲವೆಂದು ಸಾರಲ್ಪಟ್ಟ ಕೆಡುಕನ್ನು ಅನುಭವಿಸುತ್ತಿರುವವಳು ಲೆಕ್ಕಕ್ಕೂ ಇಲ್ಲವಾಗುವುದು ಹೀಗೆ. ಅವಳ ಮಕ್ಕಳಿಗಂತೂ ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಕಲಮು ಮೊದಲ ದಿನದಿಂದಲೇ ಎದುರಾಯಿತು. ಹಳೆಯ ಪದ್ಧತಿಯಲ್ಲಿ ಬಸವಿಯ ಮಗು ತಾಯಿಯ ತಂದೆಯ ವಂಶಕ್ಕೆ ಸೇರುತ್ತಿತ್ತು. ಆ ಪದ್ಧತಿಯನ್ನು ಯಾರೂ ಹೊಗಳಬೇಕಾಗಿಲ್ಲ. ಆದರೆ ಅದನ್ನು ಕಿತ್ತವರು ಅದರ ಬೇರಿಗೆ ಅಂಟಿಕೊಂಡಿದ್ದ ಈ ಸಸಿಯನ್ನು ಬೇರೆ ಯಾವ ಮಣ್ಣಿನಲ್ಲಿ ನೆಡಬೇಕೆಂದು ಯೋಚಿಸಿರಲಿಲ್ಲ.

ಹಾಗಾದರೆ ಕಾನೂನು ಬೇಡವಾಗಿತ್ತೇ ಎಂದು ಸಭಾಪಾಲಕರೊಬ್ಬರು ಕೇಳಬಹುದು; ಕೇಳಲೇಬೇಕು. ಬೇಡವಾಗಿತ್ತೆಂದರೆ ನಾವು ಅಗಸ್ಟೀನನ ಯೌವನದ ತರ್ಕಕ್ಕೆ ಹಿಂದಿರುಗಿದಂತಾಗುತ್ತದೆ. ಹತ್ತು ವರ್ಷದ ಹುಡುಗಿಯ ಕೊರಳಿಗೆ ಮುತ್ತು ಬೀಳುವುದನ್ನು ಸುಗ್ಗಿಯವರೆಗೆ ಬೆಳೆಯಲು ಬಿಡಬೇಕಾದ ಹಣಜಿಯೆಂದು ವ್ಯಾಖ್ಯಾನಿಸುವವನು ಸಾಮ್ಯವನ್ನು ತಲೆಕೆಳಗು ಮಾಡುತ್ತಾನೆ, ಏಕೆಂದರೆ ಅಲ್ಲಿ ಆ ಹುಡುಗಿಯೇ ಗೋಧಿ. ಯಜಮಾನನ ಮಾತು ಸುಮ್ಮನಿರುವುದಕ್ಕೆ ಪರವಾನಗಿಯಲ್ಲ. ಬೇರುಗಳು ಎಲ್ಲೆಲ್ಲಿ ಹೆಣೆದುಕೊಂಡಿವೆಯೆಂದು ನೋಡದೆ ಕೈಹಾಕಬೇಡವೆಂಬ ತಡೆ ಅದು. ಬಸವಿಯ ಪದ್ಧತಿಯ ಒಂದು ಬೇರು ಮಗಳಿಗೆ ಆಸ್ತಿಯಿಲ್ಲವೆಂಬ ನ್ಯಾಯದಲ್ಲಿತ್ತು. 1994ರಲ್ಲಿ ಜಾರಿಗೆ ಬಂದ ಹಿಂದೂ ಉತ್ತರಾಧಿಕಾರದ ಕರ್ನಾಟಕ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಮಗನಂತೆಯೇ ಪಾಲು ಕೊಟ್ಟಿತು. ದೇವದಾಸಿಯೆಂಬ ಪದ ಆ ಕಾನೂನಿನ ವಿಷಯವೇ ಅಲ್ಲ. ಆದರೂ ಆ ಬೇರಿನ ಮಣ್ಣನ್ನು ಸಡಿಲಿಸಿದ್ದು ಅದೇ ಎಂದು ನನಗೆ ತೋರುತ್ತದೆ. ಇನ್ನೊಂದು ಬೇರು ಜಾತಿಯಲ್ಲಿದೆ. ಅದು ಯಾವ ತಿದ್ದುಪಡಿಗೂ ಸುಲಭವಾಗಿ ಬಗ್ಗುವಂಥದ್ದಲ್ಲ, ನಮ್ಮ ಸಭೆಗಳ ಪೀಠಸಾಲುಗಳೊಳಗೂ ಅದು ಹಬ್ಬಿದೆ.

ಸಾಮ್ಯಕ್ಕೆ ಹಿಂದಿನ ಅಧ್ಯಾಯದಲ್ಲಿಯೇ ಮತ್ತಾಯನು ಇಟ್ಟಿರುವ ಇನ್ನೊಂದು ಮಾತನ್ನು ಇದರೊಂದಿಗೆ ಓದಬೇಕು. ಅಶುದ್ಧಾತ್ಮವು ಮನುಷ್ಯನನ್ನು ಬಿಟ್ಟುಹೋಗಿ ತಿರುಗಿ ಬಂದಾಗ ಆ ಮನೆ ಗುಡಿಸಿ ಅಲಂಕರಿಸಿದ್ದು, ಆದರೆ ಒಕ್ಕಲಿಲ್ಲದ್ದು. ಅದು ತನಗಿಂತ ಕೆಟ್ಟ ಏಳು ಆತ್ಮಗಳನ್ನು ಕರೆತರುತ್ತದೆ. ಮಿಷನರಿಗಳ ಕಾಲದಿಂದಲೂ ನಾವು ಗುಡಿಸುವುದರಲ್ಲಿ ನಿಪುಣರು. ದೇವದಾಸಿ ಪದ್ಧತಿಯನ್ನು ಖಂಡಿಸಿದ ಕ್ರೈಸ್ತ ಬರಹಗಳಿಗೆ ಕೊರತೆಯಿಲ್ಲ. ಒಕ್ಕಲು ತುಂಬಿದವರು ವಿರಳ. ಮದರಾಸಿನ ಶಾಸನಸಭೆಯಲ್ಲಿ ನಿಷೇಧಕ್ಕಾಗಿ ಹೋರಾಡಿದ ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು ಅಷ್ಟಕ್ಕೇ ನಿಲ್ಲದೆ ಹೆಣ್ಣುಮಕ್ಕಳಿಗಾಗಿ ಅವ್ವೈ ಇಲ್ಲಮನ್ನು ಕಟ್ಟಿದರು. ಮಸೂದೆ ಮಾಡಲಾಗದ ಕೆಲಸವೊಂದಿದೆಯೆಂದು ಅವರಿಗೆ ತಿಳಿದಿತ್ತು. ನಮ್ಮ ಕಾಲದಲ್ಲಿ ಘಟಪ್ರಭಾದ ಮಾಸ್ ಸಂಸ್ಥೆಯನ್ನು 1997ರಿಂದ ನಡೆಸುತ್ತಿರುವವರು ಒಮ್ಮೆ ಮುತ್ತು ಕಟ್ಟಿಸಿಕೊಂಡಿದ್ದ ಸ್ತ್ರೀಯರೇ. ಕಳೆಯೆಂದು ಎಣಿಸಲ್ಪಟ್ಟವರು ಹೊಲದ ಆರೈಕೆಗೆ ನಿಂತಾಗ ಯಾವ ಬೇರು ಯಾರದೆಂಬುದನ್ನು ಹೊರಗಿನವರು ಹೇಳಿಕೊಡಬೇಕಾಗುವುದಿಲ್ಲ. 2025ರಲ್ಲಿ ರಾಜ್ಯದ ವಿಧಾನಮಂಡಲ ಒಪ್ಪಿದ ಹೊಸ ಕಾನೂನು ನಿಷೇಧದ ಜೊತೆಗೆ ಪರಿಹಾರ ಮತ್ತು ಪುನರ್ವಸತಿಯನ್ನೂ ಹೆಸರಿನಲ್ಲಿಯೇ ಸೇರಿಸಿಕೊಂಡಿದೆ. ಮಕ್ಕಳಿಗೆ ತಂದೆಯನ್ನು ಗುರುತಿಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ಮೊದಲ ಕಾನೂನಿನಿಂದ ಇಲ್ಲಿಗೆ 43 ವರ್ಷ. ಆ ಅವಧಿಯಲ್ಲಿ ಹುಟ್ಟಿ, ಓದು ಬಿಟ್ಟು, ತಾವೂ ತಾಯಿತಂದೆಗಳಾದವರು ನಮ್ಮ ನೆರೆಹೊರೆಯಲ್ಲಿದ್ದಾರೆ.

ಮತ್ತಾಯನಿಗೆ ಈ ಪ್ರಶ್ನೆ ಹೊಸದಾಗಿರಲಿಲ್ಲ. 13ನೆಯ ಅಧ್ಯಾಯದ ಯಜಮಾನನ ಆತಂಕ ಎಷ್ಟು ಆಳವಾದದ್ದೆಂದು ತಿಳಿಯಲು ಆತನ ಸುವಾರ್ತೆಯ ಮೊದಲ ಪುಟಕ್ಕೆ ಹಿಂದಿರುಗಬೇಕು. ಯೆರಿಕೋವಿನಲ್ಲಿ ಉಸಿರಾಡುವ ಪ್ರತಿಯೊಂದನ್ನೂ ನಿರ್ಮೂಲ ಮಾಡಬೇಕೆಂದು ಹೊರಟ ಸೈನ್ಯ ಉಳಿಸಿದ ಮನೆ ಒಂದೇ, ಕೆಂಪು ದಾರ ಕಟ್ಟಿದ ರಹಾಬಳ ಮನೆ. ಅವಳು ಸೂಳೆಯೆಂದು ಯೆಹೋಶುವನ ಗ್ರಂಥ ಮರೆಮಾಚುವುದಿಲ್ಲ. ಅಂದು ಆಳುಗಳ ಕೈ ಅಲ್ಲಿಯೂ ತಡೆಯದೆ ಹೋಗಿದ್ದರೆ ಬೋವಜನಿಲ್ಲ, ಓಬೇದನಿಲ್ಲ, ಇಷಯನಿಲ್ಲ, ದಾವೀದನೂ ಇಲ್ಲ. ಮತ್ತಾಯನು ಅವಳನ್ನು ತಾಮಾರಳು, ರೂತಳು, ಊರೀಯನ ಹೆಂಡತಿ ಇವರೊಡನೆ ತಂದೆಗಳ ಹೆಸರುಗಳೇ ತುಂಬಿದ ವಂಶಾವಳಿಯೊಳಗೆ ಬರೆದನು. ಅವನ ಕಾಲದ ದಾಖಲೆಗಳ ರೂಢಿಗೆ ಅದು ಅಗತ್ಯವಿರಲಿಲ್ಲ.

ಆ ವಂಶಾವಳಿಯ ವ್ಯಾಕರಣದಲ್ಲಿ ಇನ್ನೊಂದು ಸಂಗತಿಯಿದೆ. ಗ್ರೀಕ್ ಕಲಿಯುತ್ತಿರುವ ವಿದ್ಯಾರ್ಥಿಗಳು ಅದನ್ನು ತಾವೇ ಪರಿಶೀಲಿಸಬಹುದು. ಅಬ್ರಹಾಮನಿಂದ ಯಾಕೋಬನವರೆಗೆ ಪ್ರತಿಯೊಬ್ಬ ತಂದೆಯೂ ಒಂದೇ ಕ್ರಿಯಾಪದದಿಂದ ಮಗನನ್ನು ಪಡೆಯುತ್ತಾನೆ. 16ನೆಯ ವಚನದಲ್ಲಿ ಯೋಸೇಫನ ಬಳಿಗೆ ಬಂದಾಗ ಆ ಕ್ರಿಯಾಪದದ ಸರಪಣಿ ಮುರಿಯುತ್ತದೆ. ಅವನು ಮರಿಯಳ ಗಂಡನೆಂದು ಮಾತ್ರ ಹೇಳಿ, ಸ್ತ್ರೀಲಿಂಗದ ಸರ್ವನಾಮವೊಂದರ ಮೂಲಕ, ಅವಳಲ್ಲಿ ಯೇಸು ಹುಟ್ಟಿದನೆಂದು ಮತ್ತಾಯನು ಬರೆಯುತ್ತಾನೆ. ತಂದೆಯ ಹೆಸರಿನ ಕಲಮಿನಲ್ಲಿ ರೂಢಿಯ ಪದ ಅಲ್ಲಿ ಬೀಳಲಿಲ್ಲ. ನಮ್ಮ ಸಭೆಗಳ ದೀಕ್ಷಾಸ್ನಾನದ ದಾಖಲೆ ಪುಸ್ತಕಗಳಲ್ಲಿಯೂ ಅದೇ ಕಲಮು ಅಚ್ಚಾಗಿದೆ. ಉಚ್ಚಂಗಿದುರ್ಗದ ಕಡೆಯಿಂದ ಬಂದ ತಾಯಿಯೊಬ್ಬಳು ಮಗುವನ್ನು ಎತ್ತಿಕೊಂಡು ನಿಂತಾಗ ಆ ಜಾಗದಲ್ಲಿ ಏನು ಬರೆಯಬೇಕೆಂದು ಹಲವು ಸಭಾಪಾಲಕರು ಲೇಖನಿ ಹಿಡಿದು ಇಂದಿಗೂ ತಡೆಯುತ್ತಾರೆ.